ಬಾ ಎಂದು ಕರೆದದ್ದು

ಗುಜರಾತಿಯಲ್ಲಿ ಬಾ ಎಂದರೆ ತಾಯಿ, ಅಜ್ಜಿ. ವಯಸ್ಸಾದ ಯಾವ ಹೆಂಗಸನ್ನಾದರೂ ಹಾಗೆ ಕರೆಯಬಹುದು. ಕನ್ನಡದಲ್ಲಿ ಅದು ಏನೆಂದು ನಾನು ಹೇಳಬೇಕಾಗಿಲ್ಲ. ಎರಡೂ ಮಾತು ಒಂದೇ ಸದ್ದಿನವು ಎಂಬುದು ನಮ್ಮ ಮನೆಯಲ್ಲಿ ಬಹಳ ಕಾಲ ಒಂದು ತಮಾಷೆಯಾಗಿತ್ತು. ಅದು ತಮಾಷೆಯಾಗಿ ಉಳಿಯಲಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ. ಕಂಡದ್ದನ್ನು ಕಂಡೆ ಎಂದೂ ಕಾಣದ್ದನ್ನು ಕಾಣಲಿಲ್ಲ ಎಂದೂ ಹೇಳುತ್ತೇನೆ.

ನಾವಿರುವುದು ಅಹಮದಾಬಾದಿನ ಬೋಪಲ್‌ನಲ್ಲಿ. ನಾನು ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ, ಹೆಂಡತಿ ವಿಮಾ ಕಚೇರಿಯಲ್ಲಿ. ಇಬ್ಬರೂ ಧಾರವಾಡದ ಕಡೆಯವರು. ಮಗಳಿಗೆ ಹಲ್ಲು ಮೂಡುವ ಮೊದಲೇ ಈ ಅಪಾರ್ಟ್‌ಮೆಂಟಿಗೆ ಬಂದೆವು. ಲಿಫ್ಟಿನಿಂದ ಹೊರಗೆ ಬಂದರೆ ಒಂದು ಬಾಗಿಲು ನಮ್ಮದು, ಎದುರಿನದು ಅವರದು. ಅವರು ಎಂದರೆ ಗಡಿಯಾರದ ಅಂಗಡಿ ಇಟ್ಟುಕೊಂಡಿರುವ ಗಂಡ ಹೆಂಡತಿ, ಮತ್ತು ಆತನ ತಾಯಿ. ಆ ತಾಯಿಯನ್ನು ಇಡೀ ಕಟ್ಟಡ ಬಾ ಎಂದೇ ಕರೆಯುತ್ತಿತ್ತು. ನಾವೂ ಹಾಗೇ ಕರೆದೆವು.

ಹೆಂಡತಿಯ ಹೆರಿಗೆ ರಜೆ ಮುಗಿದ ಮೇಲೆ ಮಗಳನ್ನು ಎಲ್ಲಿ ಬಿಡುವುದೆಂದು ಯೋಚಿಸುತ್ತಿದ್ದಾಗ ಬಾ ತಾವೇ ಬಂದು ಕೂಸನ್ನು ಎತ್ತಿಕೊಂಡು ತಮ್ಮ ಮನೆಗೆ ಹೋದರು. ಅದರ ಬಗ್ಗೆ ಮಾತುಕತೆ ಏನೂ ಆಗಲಿಲ್ಲ. ಮಗಳು ಬೆಳೆದದ್ದು ಆ ಎರಡು ಬಾಗಿಲುಗಳ ನಡುವೆ. ಮಾತು ಕಲಿತದ್ದೂ ಅಲ್ಲೇ, ಹಾಗಾಗಿ ಆಕೆಯ ಮೊದಲ ಮಾತುಗಳೆಲ್ಲ ಗುಜರಾತಿ. ಹೆಂಡತಿಗೆ ಇದು ಸಂಕಟ. ಸಂಜೆ ಮನೆಗೆ ಬಂದ ಕೂಡಲೇ ಕನ್ನಡ ಶುರುಮಾಡುತ್ತಿದ್ದಳು. ಬಾ, ಕೂಡು, ಉಣ್ಣು, ಮಲಕೋ. ಮಗಳು ಎಲ್ಲವನ್ನೂ ಕೇಳಿಸಿಕೊಂಡು ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದಳು.

ಬಾಗಿಲು ತೆರೆದಿದ್ದಾಗ ಹೆಂಡತಿ ಮಗಳನ್ನು "ಬಾ, ಬಾ" ಎಂದು ಕೂಗಿದರೆ ಎದುರು ಮನೆಯಿಂದ "ಆವೀ, ಬೇಟಾ" ಎಂಬ ದನಿ ಬರುತ್ತಿತ್ತು. ಆವೀ ಎಂದರೆ ಬಂದೆ. ಕರೆದಾಗ ನಾವೂ ಹಾಗೆಯೇ ಅನ್ನುತ್ತೇವೆ. ಇನ್ನೂ ಕೂತ ಜಾಗದಿಂದ ಎದ್ದಿರುವುದಿಲ್ಲ, ಬಂದೆ ಎಂದು ಹೇಳಿ ಆಗಿರುತ್ತದೆ. ಹಿಂದೆಯೇ ಬಾ ಮೊಣಕಾಲು ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು.

"ನಿಮ್ಮನ್ನ ಅಲ್ಲ ಬಾ, ಇವಳನ್ನ ಕರೆದೆ" ಎಂದು ಹೆಂಡತಿ ಗುಜರಾತಿಯಲ್ಲಿ ಹೇಳಬೇಕಾಗುತ್ತಿತ್ತು.

"ಹೇಗೂ ಬಂದೆನಲ್ಲ, ಚಹಾ ಇಡು."

ಬಾ ಆಡಿದ್ದೆಲ್ಲ ಗುಜರಾತಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಾಗೆಯೇ ಬಿಡಬೇಕಾದ ಒಂದೆರಡು ಮಾತನ್ನು ಬಿಟ್ಟು. ಕನ್ನಡದ ಬಾ ಅಂದರೇನೆಂದು ಅವರಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಚೆನ್ನಾಗಿ ಗೊತ್ತಿತ್ತು. ಆದರೆ ಕಿವಿಗೆ ಬಿದ್ದ ಕೂಡಲೇ ಕಾಲು ಎದ್ದುಬಿಡುತ್ತದೆ, ತಲೆಗೆ ಆಮೇಲೆ ತಿಳಿಯುತ್ತದೆ ಎನ್ನುತ್ತಿದ್ದರು. ಮಗಳಂತೂ ಚಿಕ್ಕವಳಿದ್ದಾಗ ಎರಡೂ ಒಂದೇ ಎಂದು ತಿಳಿದಿದ್ದಳು. ಕೂಗಿದರೆ ಬರುವ ಮನುಷ್ಯರಿಗೆ ಬಾ ಎಂದು ಹೆಸರು.

ಆ ವರ್ಷ ನಾನೊಂದು ಟೆಂಟು ಕೊಂಡೆ. ಮಗಳಿಗೆ ಆರು ತುಂಬಿತ್ತು, ಶಾಲೆಯ ಪುಸ್ತಕದಲ್ಲಿ ಟೆಂಟಿನ ಚಿತ್ರ ನೋಡಿದ್ದಳು. ನವರಾತ್ರಿ ಮುಗಿದ ಮೇಲೆ ದಕ್ಷಿಣ ಗುಜರಾತಿನ ಕಡೆ ಹೋಗಿ, ಉನಾಯಿಯ ಬಿಸಿನೀರಿನ ಬುಗ್ಗೆ ನೋಡಿ, ವಘಈ ಹತ್ತಿರ ಕಾಡಿನಲ್ಲಿ ಬಿಡಾರ ಹಾಕಿ, ಜಲಪಾತ ನೋಡಿಕೊಂಡು ಬರುವುದೆಂದು ಯೋಚಿಸಿದೆವು. ಟೆಂಟನ್ನು ಲಿಫ್ಟಿನ ಮುಂದೆ ಬಿಚ್ಚಿ ನೋಡುತ್ತಿದ್ದಾಗ ಬಾ ಹೊರಗೆ ಬಂದರು.

"ಇದು ಮನೆಯೋ ಕೊಡೆಯೋ?"

ಮಗಳು ಉನಾಯಿಯ ಹೆಸರು ಹೇಳಿದಳು. ಬಾ ಅವರ ತವರು ಆ ಕಡೆಯ ಹಳ್ಳಿ. ಮದುವೆಗೆ ಮುಂಚೆ ತಾಯಿಯ ಜೊತೆ ಅಲ್ಲಿ ಸ್ನಾನಕ್ಕೆ ಹೋಗಿದ್ದು ಬಿಟ್ಟರೆ ಮತ್ತೆ ಹೋಗಿರಲಿಲ್ಲವಂತೆ. "ನನ್ನ ಮಂಡಿಗೂ ಆ ನೀರು ತೋರಿಸಬೇಕು" ಎಂದರು.

ಅವರ ಮಗ ನಕ್ಕ. "ಬಾ, ನೀನು ಟೆಂಟಿನಲ್ಲಿ ಮಲಗುತ್ತೀಯಾ? ನಿನ್ನ ಗೊರಕೆಗೆ ಹುಲಿ ಓಡಿಹೋಗುತ್ತದೆ."

"ಹುಲಿ ಎಲ್ಲಿಂದ ಬರಬೇಕು ಈಗ? ನಿನ್ನಪ್ಪನ ಗೊರಕೆಗೇ ಎಲ್ಲ ಓಡಿಹೋಗಿವೆ."

ಆಮೇಲೆ ಆತ ನನ್ನನ್ನು ಬದಿಗೆ ಕರೆದು, ತೊಂದರೆಯಾಗದಿದ್ದರೆ ಕರೆದುಕೊಂಡು ಹೋಗಿ, ದೀಪಾವಳಿ ಮುಂಚೆ ನಾನು ಅಂಗಡಿ ಬಿಡುವ ಹಾಗಿಲ್ಲ ಎಂದ. ತೊಂದರೆ ಏನಿದೆ, ನಮ್ಮ ಮಗಳನ್ನು ಬೆಳೆಸಿದವರು ಎಂದೆ.

ಬೆಳಿಗ್ಗೆ ಹೊರಟು ವಡೋದರದಲ್ಲಿ ತಿಂಡಿಗೆ ನಿಂತೆವು. ಅಲ್ಕಾಪುರಿಯ ಹೋಟೆಲೊಂದರಲ್ಲಿ ಇಡ್ಲಿ ಸಿಗುತ್ತದೆಂದು ಹೆಂಡತಿಯ ಕಚೇರಿಯವರು ಹೇಳಿದ್ದರು. ಬಾ ಇಡ್ಲಿಯನ್ನು ಬೆರಳಿನಿಂದ ಒತ್ತಿ ನೋಡಿ, ಇದು ನಮ್ಮ ಢೋಕಳಾದ ವಿಧವೆ ಅಕ್ಕ, ಮೈಮೇಲೆ ಸಾಸಿವೆ ಸಹ ಇಲ್ಲ ಎಂದರು. ಅವರೂ ವಿಧವೆ, ಅದನ್ನು ಅವರೇ ಹೇಳಿದ್ದರಿಂದ ಹೆಂಡತಿ ನಗಬಹುದಾಯಿತು. ಸೂರತ್ ದಾಟಿ, ಹೆದ್ದಾರಿ ಬಿಟ್ಟು ಒಳಗೆ ಹೋದಂತೆ ಕಬ್ಬಿನ ಗದ್ದೆ, ಆಮೇಲೆ ತೇಗದ ಮರ. ಮಧ್ಯಾಹ್ನದ ಹೊತ್ತಿಗೆ ಉನಾಯಿ.

ಅಲ್ಲಿ ದೇವಿಯ ಗುಡಿ ಇದೆ, ಪಕ್ಕದಲ್ಲಿ ಕುಂಡ. ಕಲ್ಲಿನ ಮೆಟ್ಟಿಲು, ಕೆಳಗೆ ಹಬೆಯಾಡುವ ನೀರು, ಸಣ್ಣದಾಗಿ ಗಂಧಕದ ವಾಸನೆ. ಸೀತೆಯ ಸ್ನಾನಕ್ಕೆ ರಾಮ ಬಾಣ ಹೊಡೆದು ಬಿಸಿನೀರು ತರಿಸಿದನೆಂದು ಬಾ ಮಗಳಿಗೆ ಹೇಳಿದರು. "ಗೀಸರ್ ಇರಲಿಲ್ಲವಾ?" ಎಂದು ಮಗಳು ಕೇಳಿದಳು. "ಕರೆಂಟು ಲಂಕೆಯಲ್ಲಿ ಮಾತ್ರ ಇತ್ತು" ಎಂದರು ಬಾ.

ಹೆಂಗಸರ ಕಡೆ ನಾನು ಹೋಗಲಿಲ್ಲ. ಅಲ್ಲಿ ನಡೆದದ್ದು ಹೆಂಡತಿ ಹೇಳಿದ್ದು. ಬಾ ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ, ತಂಬಿಗೆಯಿಂದ ಮಂಡಿಗೆ ನೀರು ಸುರಿದುಕೊಳ್ಳುತ್ತ, ಒಂದು ಜಾಗ ತೋರಿಸಿ, ನನ್ನ ಬಾ ಇಲ್ಲೇ ಕೂತಿದ್ದಳು, ನಾನು ನೀರಿಗೆ ಹೆದರಿ ಮೇಲೆ ನಿಂತಿದ್ದೆ ಎಂದರಂತೆ. ತಾಯಿ ಕೆಳಗಿನಿಂದ ಕರೆಯುತ್ತಲೇ ಇದ್ದಳಂತೆ. ಇವರು ಇಳಿಯಲಿಲ್ಲವಂತೆ. "ಕೊನೆಗೂ ಈಗ ಇಳಿದೆ ನೋಡು" ಎಂದು ಹೇಳಿ, ಅದೇ ತಂಬಿಗೆಯಿಂದ ಹೆಂಡತಿಯ ಪಾದದ ಮೇಲೂ ನೀರು ಹಾಕಿದರು. ಹೆಂಡತಿ ಬೇಡ ಬೇಡ ಎಂದು ಕಾಲು ಹಿಂದಕ್ಕೆ ತೆಗೆದುಕೊಂಡಳು. ದೊಡ್ಡವರು ತನ್ನ ಕಾಲಿಗೆ ನೀರು ಹಾಕುವುದು ಅವಳಿಗೆ ಸರಿಯೆನಿಸಲಿಲ್ಲ. ಬಾ ಅವಳ ಕಾಲು ಹಿಡಿದು ಎಳೆದು ನೀರು ಹಾಕಿದರಂತೆ.

ಹೊರಗೆ ಬಂದಾಗ ಬಾ ನಿಜವಾಗಿಯೂ ಹಗುರಾಗಿ ನಡೆಯುತ್ತಿದ್ದರು. ಅದನ್ನು ನಾನು ಕಂಡೆ. ಮಂಡಿ ಹಿಡಿದುಕೊಳ್ಳದೆ ಮೆಟ್ಟಿಲು ಹತ್ತಿದರು. ಮಾರನೆಯ ದಿನದ್ದನ್ನು ನೆನೆಯುವಾಗಲೆಲ್ಲ ನನಗೆ ಇದೂ ನೆನಪಾಗುತ್ತದೆ. ನೋವು ಇದ್ದಿದ್ದರೆ ಅವರು ಅಷ್ಟು ಬೇಗ ಏಳುತ್ತಿರಲಿಲ್ಲವೇನೋ.

ಸಂಜೆ ಕಾಡಿನ ಅಂಚಿನ ಶಿಬಿರದ ಜಾಗದಲ್ಲಿ ಟೆಂಟು ಹಾಕಿದೆವು. ನನಗೆ ಗೂಟ ಸರಿಯಾಗಿ ಹೊಡೆಯಲು ಬರಲಿಲ್ಲ, ಒಂದು ಕಡೆ ಜೋಲಿತು. ಬಾ ಮೆಂತ್ಯಸೊಪ್ಪಿನ ರೊಟ್ಟಿಯಂಥ ಥೇಪ್ಲಾ ತೆಗೆದರು, ಹೆಂಡತಿ ಚಪಾತಿ, ಶೇಂಗಾ ಚಟ್ನಿಪುಡಿ ತೆಗೆದಳು. ಮಗಳು ಥೇಪ್ಲಾದ ಮೇಲೆ ಚಟ್ನಿಪುಡಿ ಹಾಕಿಕೊಂಡು ತಿಂದಳು. ಕತ್ತಲಾಗುವ ಮೊದಲೇ ಬಾ ಮತ್ತು ಮಗಳು ಒಳಗೆ ಹೊಕ್ಕು ಮಲಗಿದರು. ಒಳಗಿನಿಂದ ಅವರಿಬ್ಬರ ಮಾತು ಕೇಳುತ್ತಿತ್ತು. ಜಲಪಾತಕ್ಕೆ ಗುಜರಾತಿಯಲ್ಲಿ ಧೋಧ್ ಎನ್ನುತ್ತಾರೆ. ನಮ್ಮ ಕಡೆ ದಬದಬಿ ಎನ್ನುತ್ತಾರೆಂದು ಮಗಳು ಹೇಳಿಕೊಟ್ಟಳು. ಬಾ ದಬದಬಿ ದಬದಬಿ ಎಂದು ಹೇಳಿ ಹೇಳಿ ನಗುತ್ತಿದ್ದರು.

"ನಿಮಗಿಂತ ಬಾನೇ ಛಲೋ ಕನ್ನಡಾ ಕಲಸ್ತಾಳ ಇಕಿಗೆ" ಎಂದಳು ಹೆಂಡತಿ ನನಗೆ. ಬಹಳ ಸಂತೋಷದಲ್ಲಿದ್ದಳು.

ಬೆಳಿಗ್ಗೆ ಜಲಪಾತಕ್ಕೆ ಹೋದೆವು. ಬಿದಿರಿನ ಬುಟ್ಟಿ, ತಟ್ಟೆ ಮಾರುವ ಅಂಗಡಿಗಳ ಸಾಲು ದಾಟಿ ಬಂಡೆಗಳ ಮೇಲೆ ಇಳಿದರೆ ಎದುರಿಗೇ ಅಂಬಿಕಾ ನದಿ ಅಗಲವಾಗಿ ಬೀಳುತ್ತದೆ. ಮಳೆಗಾಲದ ಅಬ್ಬರ ಇಳಿದಿತ್ತು. ಹಾಗಿದ್ದರೂ ಮಾತಾಡಬೇಕಾದರೆ ಕೂಗಬೇಕು. ಜನ ಹೆಚ್ಚಿರಲಿಲ್ಲ.

ಯಾರು ಎಲ್ಲಿದ್ದೆವು ಎಂಬುದನ್ನು ನಾನು ಅನೇಕ ಸಲ ಮನಸ್ಸಿನಲ್ಲಿ ಇಟ್ಟು ನೋಡಿದ್ದೇನೆ. ಹೆಂಡತಿ ಮೇಲೆ, ಒಣಗಿದ ದಂಡೆಯ ಮೇಲೆ ಚೀಲ ಬಿಚ್ಚುತ್ತಿದ್ದಳು. ಅವಳಿಂದ ಸ್ವಲ್ಪ ಕೆಳಗೆ, ಚಪ್ಪಟೆ ಬಂಡೆಯ ಮೇಲೆ ಬಾ ಕೂತಿದ್ದರು, ಕಾಲು ನೀರಿನಲ್ಲಿ. ಅಲ್ಲಿ ನೀರು ಪಾದ ಮುಳುಗುವಷ್ಟು ಮಾತ್ರ. ಚಪ್ಪಲಿಯನ್ನು ಪಕ್ಕದಲ್ಲಿ ಜೋಡಿಸಿ ಇಟ್ಟಿದ್ದರು. ನಾನು ಬಾ ಅವರಿಂದ ಮುಂದೆ, ಮಗಳ ಕಡೆ ಮುಖ ಮಾಡಿ ನಿಂತಿದ್ದೆ. ಮಗಳು ಎಲ್ಲರಿಗಿಂತ ಮುಂದೆ ಇದ್ದಳು. ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ನೀರು ಬೀಳುವ ಕಡೆಗೆ ಹೋಗುತ್ತಿದ್ದಳು. ಮುಂದಿನ ಕಲ್ಲುಗಳ ಮೇಲೆ ಪಾಚಿಯ ಹಸಿರು ಇತ್ತು. ನಾನು ಅದನ್ನು ನೋಡಿದೆ, ಅವಳ ಹಿಂದೆ ಹೋಗಲು ಹೆಜ್ಜೆ ಎತ್ತಿದೆ. ಅಷ್ಟರಲ್ಲಿ ಹೆಂಡತಿಯೂ ಮೇಲಿನಿಂದ ನೋಡಿದಳು.

ಮಗಳ ಹೆಸರು ಹಿಡಿದು ಕರೆದಳೋ ಇಲ್ಲವೋ ನನಗೆ ತಿಳಿಯದು. ನೀರಿನ ಸದ್ದನ್ನು ದಾಟಿ ಬಂದದ್ದು ಒಂದೇ ಮಾತು. ಬಾ. ಮತ್ತೆ ಬಾ. ಹೆದರಿದ ದನಿ.

ಮಗಳು ನಿಂತಳು, ತಿರುಗಿದಳು. ನಾನು ಅವಳನ್ನು ತಲುಪಿ ಕೈ ಹಿಡಿದೆ. ಅವಳಿಗೆ ಏನೂ ಆಗಲಿಲ್ಲ.

ನನ್ನ ಬೆನ್ನ ಹಿಂದೆ, ಹತ್ತಿರವೇ ಆದ್ದರಿಂದ ಸ್ಪಷ್ಟವಾಗಿ, "ಆವೀ, ಬೇಟಾ, ಆವೀ" ಎಂದದ್ದು ಕೇಳಿತು. ದಿನಾ ಕೇಳುವ ದನಿ. ಮನೆಯಲ್ಲಿ ಕೇಳುವಂತೆಯೇ ಕೇಳಿದ್ದರಿಂದ ನಾನು ಕೂಡಲೇ ತಿರುಗಲಿಲ್ಲ. ತಿರುಗಿದಾಗ ಬಾ ಬಿದ್ದಿದ್ದರು. ಬೀಳುವುದನ್ನು ನಾನು ಕಾಣಲಿಲ್ಲ. ಹೆಂಡತಿ ಕಂಡಳು. ಎದ್ದು ನಿಂತು, ಅವಳ ಕಡೆ ತಿರುಗಿ, ಬರಿಗಾಲಿನಲ್ಲಿ ಒಂದು ಹೆಜ್ಜೆ ಮೇಲಕ್ಕೆ ಇಟ್ಟರಂತೆ. ಎರಡನೆಯದು ಇಡಲಿಲ್ಲ.

ಬಿದಿರಿನ ಅಂಗಡಿಯವರು ಓಡಿ ಬಂದರು. ಬಾ ಅವರನ್ನು ಮೇಲೆ ತರುವಷ್ಟು ಹೊತ್ತೂ ಅವರು ನರಳಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ, "ನಿನಗೇನಾಯಿತು? ಏಕೆ ಕರೆದೆ?" ಎಂದು ಕೇಳುತ್ತಿದ್ದರು. ಚಪ್ಪಲಿಗಳು ಬಂಡೆಯ ಮೇಲೇ ಉಳಿದವು.

ಸೂರತ್ತಿನ ಆಸ್ಪತ್ರೆಗೆ ಸೇರಿಸಿದೆವು. ಸೊಂಟದ ಎಲುಬು ಮುರಿದಿತ್ತು. ಅವರ ಮಗ ಅಂಗಡಿ ಮುಚ್ಚಿ ಹೆಂಡತಿಯೊಂದಿಗೆ ಬಂದ. ಏನಾಯಿತೆಂದು ನನ್ನನ್ನು ಕೇಳಿದ. ಇಲ್ಲಿ ಬರೆದಷ್ಟನ್ನೂ ಹೇಳಿದೆ, ನನ್ನ ಹೆಂಡತಿಯ ಕರೆಯನ್ನೂ ಬಿಡದೆ. ಆತ ತಲೆ ತಗ್ಗಿಸಿ ಕೇಳಿ, "ಬಾಗೆ ಕೂತಲ್ಲಿ ಕೂಡಲು ಬರುವುದೇ ಇಲ್ಲ ಭಾಯಿ, ಮನೆಯಲ್ಲೂ ಹಾಗೇ" ಎಂದ. ಅಷ್ಟೇ ಹೇಳಿದ.

ನಮ್ಮ ಕಡೆಯ ಒಬ್ಬರು ಸೂರತ್ತಿನ ಹೊರವಲಯದ ಸಚಿನ್‌ನ ಬಟ್ಟೆ ಕಾರ್ಖಾನೆಯಲ್ಲಿದ್ದಾರೆ. ಮಗಳನ್ನು ಅವರ ಮನೆಯಲ್ಲಿ ಬಿಟ್ಟು ನಾವಿಬ್ಬರೂ ಆಸ್ಪತ್ರೆಯಲ್ಲೇ ಉಳಿದೆವು. ಆಪರೇಷನ್ ಚೆನ್ನಾಗಿ ಆಯಿತು ಎಂದರು. ಮಾರನೆಯ ದಿನ ಬಾ ದಿಂಬಿಗೆ ಒರಗಿ ಚಹಾ ಕುಡಿದರು, ಸೂರತ್ತಿನವರು ಚಹಾಕ್ಕೆ ಸಕ್ಕರೆಯಲ್ಲ, ಕಬ್ಬಿನ ಗದ್ದೆಯನ್ನೇ ಹಾಕುತ್ತಾರೆ ಎಂದರು. ಆಗ ಹೆಂಡತಿ ಕೇಳಿದಳು. ನಾನು ಕೇಳಬೇಡ ಎಂದು ಸನ್ನೆ ಮಾಡಿದೆ. ಅವಳು ನೋಡಲಿಲ್ಲ.

"ಬಾ, ನಾನು ಮಗಳನ್ನ ಕರೆದದ್ದು. ನೀವು ಯಾಕೆ ಎದ್ದಿರಿ?"

ಅಲ್ಲ, ನಾನು ಸುಮ್ಮನೇ ಎದ್ದೆ ಎಂದು ಬಾ ಹೇಳುತ್ತಾರೆ ಎಂದು ಅವಳು ಆಸೆಪಟ್ಟಿದ್ದಳೆಂದು ನನಗೆ ತೋರುತ್ತದೆ. ಬಾ ಅವಳ ಕೆನ್ನೆ ತಟ್ಟಿದರು.

"ತು ಬೋಲಾವೇ ನೇ ಹುಂ ನಾ ಆವುಂ?"

ನೀನು ಕರೆದರೆ ನಾನು ಬಾರದೆ ಇರುತ್ತೇನಾ ಎಂದು. ನಗುತ್ತಲೇ, ಪ್ರೀತಿಯಿಂದಲೇ ಅಂದರು. ಅದಕ್ಕಿಂತ ಒಳ್ಳೆಯ ಮಾತು ಅವರ ಬಳಿ ಇರಲಿಲ್ಲ. ಹೆಂಡತಿ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು.

"ನಿಮಗ ಕೇಳಿಸಿತ್ತೇನು ಅಲ್ಲೆ? ಆಕಿ ಬಂದೆ ಅಂದದ್ದು?"

"ಕೇಳಿಸಿತ್ತು" ಎಂದೆ.

"ನನಗ ಕೇಳಿಸಲಿಲ್ಲ. ಕೇಳಿಸಿದ್ದರ ಕೂಡು ಅಂತಿದ್ದೆ."

ಎಲುಬು ಕೂಡುವ ಮೊದಲೇ ಎದೆಯಲ್ಲಿ ಕಫ ಕಟ್ಟಿತು. ಈ ವಯಸ್ಸಿನವರು ಮಲಗಿಬಿಟ್ಟರೆ ಹೀಗಾಗುತ್ತದೆ ಎಂದರು ಡಾಕ್ಟರು. ಬಾ ಬೋಪಲ್‌ಗೆ ಹಿಂದಿರುಗಲಿಲ್ಲ. ಕೊನೆಯ ಸಲ ನಾವು ನೋಡಿದಾಗ ಮಾತಿರಲಿಲ್ಲ. ಇಲ್ಲಿಯವರು ಬೀಳ್ಕೊಡುವಾಗ ಆವ್ಜೋ ಎನ್ನುತ್ತಾರೆ, ಮತ್ತೆ ಬನ್ನಿ ಎಂದು. ಬಾ ನಮ್ಮನ್ನು ದಿನಾ ಲಿಫ್ಟಿನವರೆಗೆ ಬಂದು ಹಾಗೆಂದು ಕಳಿಸುತ್ತಿದ್ದರು. ಆ ದಿನ ಅನ್ನುವವರು ಯಾರೂ ಇರಲಿಲ್ಲ.

ಆಮೇಲೆ ಹೆಂಡತಿ ಆ ಮಾತನ್ನು ಬಿಟ್ಟಳು. ಬಿಡುತ್ತೇನೆ ಎಂದು ಹೇಳಿ ಬಿಟ್ಟದ್ದಲ್ಲ. ನನಗೆ ತಿಳಿಯಲು ಕೆಲವು ವಾರ ಬೇಕಾಯಿತು. ಮಗಳನ್ನು ಊಟಕ್ಕೆ ಕರೆಯುವಾಗ ಹೆಸರು ಹಿಡಿದು ಕೂಗಿ ಸುಮ್ಮನಾಗುತ್ತಿದ್ದಳು. ಅದಾಗದಿದ್ದರೆ "ಕಮ್" ಎನ್ನುತ್ತಿದ್ದಳು. ಇಂಗ್ಲಿಷ್ ಬೇಡವೆಂದು ನನ್ನೊಡನೆ ಜಗಳವಾಡುತ್ತಿದ್ದವಳು ಅವಳೇ. ಊರಿನಿಂದ ಫೋನು ಬಂದು, ಈ ಸಲ ಯುಗಾದಿಗೆ ಬರ್ತೀರೇನು ಎಂದರೆ ನನ್ನ ಕೈಗೆ ಕೊಡುತ್ತಿದ್ದಳು. ಒಂದು ಭಾಷೆಯಲ್ಲಿ ಬಾ ಎನ್ನದೆ ಮಗುವನ್ನು ಬೆಳೆಸಲು ಆಗುವುದೇ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಆಗುವುದಿಲ್ಲ. ಆ ಒಂದು ಮಾತು ಹೋದ ಮೇಲೆ ಅದರ ಹಿಂದೆ ಬರುತ್ತಿದ್ದ ಮಾತುಗಳೂ ಹೋದವು. ಕೂಡು, ಉಣ್ಣು ಎಲ್ಲ. ಮನೆಯಲ್ಲಿ ನಿಧಾನವಾಗಿ ಹಿಂದಿ ತುಂಬಿತು.

ನಿನ್ನದೇನೂ ತಪ್ಪಿಲ್ಲ ಎಂದು ನಾನು ಹೇಳಿದ್ದೇನೆ. ಮಗಳು ಪಾಚಿಯ ಮೇಲೆ ಕಾಲಿಡುತ್ತಿದ್ದಳು, ಕರೆಯಲೇಬೇಕಿತ್ತು ಎಂದೂ ಹೇಳಿದ್ದೇನೆ. "ನನಗ ಗೊತ್ತದ" ಎನ್ನುತ್ತಾಳೆ. ಗೊತ್ತಿರುವುದು ನಿಜ. "ಬಾಯಾಗ ಬರೂದುಲ್ಲ, ಅಷ್ಟ. ಗಂಟಲ ತನಕಾ ಬರ್ತದ, ಆಮ್ಯಾಲೆ ಆಕಿ ಏಳೂದು ಕಾಣ್ತದ."

ಮಗಳೂ ಗಮನಿಸಿದ್ದಳು. ಒಂದು ದಿನ ಊಟ ಮಾಡುತ್ತ, "ಅಮ್ಮಾ, ನೀ ನನ್ನ ಬಾ ಕ್ಯೂಂ ನಹೀಂ ಅಂತಿ?" ಎಂದು ಕೇಳಿದಳು. ಹೆಂಡತಿ ಅವಳ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

ಹೀಗೆಯೇ ಮುಂದಿನ ಮಳೆಗಾಲ ಬಂದಿತು. ಎದುರು ಮನೆಯವರು ಹಗಲೆಲ್ಲ ಅಂಗಡಿಯಲ್ಲಿರುತ್ತಾರೆ, ಬಾಗಿಲಿಗೆ ಬೀಗ. ಮಗಳು ಶಾಲೆಯಿಂದ ಬಂದ ಮೇಲೆ ಆ ಹೊಸ್ತಿಲ ಮೇಲೆ ಕೂತೇ ಬೂಟು ಬಿಚ್ಚುವುದು. ಮೊದಲಿನಿಂದಲೂ ಅಲ್ಲೇ ಬಿಚ್ಚುತ್ತಿದ್ದಳು. ನಾವು ಬೇಡವೆನ್ನಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ನಾನು ಹಾಲಿನಲ್ಲಿ ಪತ್ರಿಕೆ ಓದುತ್ತಿದ್ದೆ. ಹೆಂಡತಿ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಹೊರಗೆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿದ ಸದ್ದು ಬಂತು. ಆಮೇಲೆ ಮಗಳ ದನಿ ಕೇಳಿತು.

"ಬಾ. ಓ ಬಾ."

ಹೆಂಡತಿ ಲಟ್ಟಣಿಗೆ ಬಿಟ್ಟು, "ಬಂದೆ, ಬಂದೆ" ಎನ್ನುತ್ತ ಹಿಟ್ಟಿನ ಕೈಯಲ್ಲೇ ನನ್ನ ಮುಂದಿನಿಂದ ಓಡಿದಳು. ನಾನೂ ಎದ್ದೆ. ಮಗಳು ನಮ್ಮ ಕಡೆ ಬೆನ್ನು ಮಾಡಿ, ಎದುರು ಮನೆಯ ಬೀಗ ಹಾಕಿದ ಬಾಗಿಲಿನ ಮುಂದೆ ನಿಂತಿದ್ದಳು. ತಿರುಗಿ ತಾಯಿಯನ್ನು ನೋಡಿದಳು.

"ನಿನ್ನ ಅಲ್ಲ. ಬಾನ್ನ ಕರದೆ."

ಹೆಂಡತಿ ಹೊಸ್ತಿಲಲ್ಲಿ ನಿಂತುಬಿಟ್ಟಳು. ಒಂದು ಕಾಲು ಒಳಗೆ, ಒಂದು ಹೊರಗೆ. "ಗೊತ್ತಾಗಲಿಲ್ಲವ್ವಾ" ಎಂದಳು. "ಕರದಂಗಾತು. ಎದ್ದು ಬಂದುಬಿಟ್ಟೆ."

ಯಾಕೆ ಕರೆದೆ ಎಂದು ಅವಳು ಮಗಳನ್ನು ಕೇಳಲಿಲ್ಲ. ಅಲ್ಲಿಯವರೆಗೆ ಹೋಗಿ ಆ ಬಾಗಿಲಿಗೆ ಒರಗಿ ಕೂತಳು. ಮಗಳೂ ಪಕ್ಕದಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಒಲೆಯ ಮೇಲಿನ ಚಪಾತಿ ಸೀದ ವಾಸನೆ ಬಂತು. ನಾನು ಒಳಗೆ ಹೋಗಿ ಗ್ಯಾಸ್ ಆರಿಸಿ, ಹಂಚು ಇಳಿಸಿ, ಕಿಟಕಿ ತೆರೆದು ಬಂದೆ. ನಾನು ಬರುವಷ್ಟರಲ್ಲಿ ಹೆಂಡತಿ ಎದ್ದು ನಿಂತಿದ್ದಳು. ಬಾಗಿಲ ಮೇಲೆ ಅವಳ ಕೈಯ ಹಿಟ್ಟು ಅಂಟಿತ್ತು, ಅದನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸುತ್ತಲೇ, ತಗ್ಗಿದ ದನಿಯಲ್ಲಿ, ಒಂದು ಸಲ ಅಂದಳು.

"ಬಾ."

ಯಾರಿಗೆ ಅಂದಳೆಂದು ನನಗೆ ಕಾಣಲಿಲ್ಲ, ಮುಖ ಆ ಬಾಗಿಲ ಕಡೆಗಿತ್ತು. ಎದ್ದವಳು ಮಗಳು. ಒಂದು ಬೂಟು ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ತಾಯಿಯ ಹಿಂದೆ ಒಳಗೆ ಬಂದಳು.